ಹಕ್ಕು ಕೈಯಲ್ಲಿತ್ತು, ಸೈನ್ಯ ಇರಲಿಲ್ಲ: ಸ್ಟ್ಯಾನಿಸ್ ಬರಾಥಿಯನ್ ಎಲ್ಲಿ ಎಡವಿದ?

‘ಗೇಮ್ ಆಫ್ ಥ್ರೋನ್ಸ್’ ಬಗ್ಗೆ ಮಾತು ಬಂದರೆ ಡ್ರ್ಯಾಗನ್‌ಗಳು, ಜಾನ್ ಸ್ನೋ, ಕೊನೇ ಸೀಸನ್ನಿನ ನಿರಾಸೆ, ಇಷ್ಟರಲ್ಲೇ ಮಾತು ಮುಗಿದುಬಿಡುತ್ತೆ. ಆದರೆ ರಾಜಕೀಯದಲ್ಲಿ ಆಸಕ್ತಿ ಇರೋರು ಕೂತು ಗಮನಿಸಬೇಕಾದ ಪಾತ್ರ ಇನ್ನೊಂದಿದೆ. ಸಿಂಹಾಸನದ ಮೇಲೆ ಕಾನೂನು ಪ್ರಕಾರ ಎಲ್ಲರಿಗಿಂತ ಗಟ್ಟಿ ಹಕ್ಕು ಇದ್ದವನು, ಆ ಕಾಲದ ಅತ್ಯಂತ ಅನುಭವಿ ದಳಪತಿಗಳಲ್ಲಿ ಒಬ್ಬ, ಆದರೂ ಯಾರೂ ಹಿಂದೆ ಬರದೇ ಹೋದವನು. ಸ್ಟ್ಯಾನಿಸ್ ಬರಾಥಿಯನ್.

ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಕಾದಂಬರಿ ಸರಣಿಯ ಮೊದಲ ಪುಸ್ತಕ ಬಂದಿದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆರನೆಯದಕ್ಕೆ ಓದುಗರು ಕಾಯ್ತಾನೇ ಇದ್ದಾರೆ. ಈ ಲೇಖನದಲ್ಲಿ ಹೆಚ್ಚಾಗಿ ಪುಸ್ತಕದ ಸ್ಟ್ಯಾನಿಸ್ ಬಗ್ಗೆ ಮಾತಾಡ್ತೀನಿ, ಟಿವಿಯ ಸ್ಟ್ಯಾನಿಸ್ ಕೊನೆಯಲ್ಲಿ ಬರ್ತಾನೆ. ಕಥೆ ಗೊತ್ತಾಗೋದು ಬೇಡ ಅನ್ನೋರು ಇಲ್ಲಿಗೇ ನಿಲ್ಲಿಸಬಹುದು.

ಮೊದಲು ಹಿನ್ನೆಲೆ. ವೆಸ್ಟೆರೋಸ್‌ನ ರಾಜ ರಾಬರ್ಟ್ ಬರಾಥಿಯನ್ ಸಾಯ್ತಾನೆ. ಪಟ್ಟಕ್ಕೆ ಕೂರೋದು ಅವನ ಮಗ ಅಂತ ಎಲ್ಲರೂ ನಂಬಿರುವ ಜಾಫ್ರಿ. ನಿಜದಲ್ಲಿ ಜಾಫ್ರಿ, ರಾಣಿ ಸರ್ಸಿಗೆ ಅವಳ ಅಣ್ತಮ್ಮನಿಂದಲೇ, ಅಂದರೆ ಅವಳಿ ಸೋದರ ಜೇಮಿಯಿಂದ ಹುಟ್ಟಿದವನು. ರಾಬರ್ಟನಿಗೆ ಕಾನೂನುಬದ್ಧ ಮಕ್ಕಳೇ ಇಲ್ಲ. ಹಾಗಾದರೆ ಪಟ್ಟ ಹೋಗಬೇಕಾದ್ದು ರಾಬರ್ಟನ ಮೊದಲನೇ ತಮ್ಮ ಸ್ಟ್ಯಾನಿಸ್‌ಗೆ. ಎರಡನೇ ತಮ್ಮ ರೆನ್ಲಿಗೆ ಅಣ್ಣ ಬದುಕಿರೋವರೆಗೂ ಯಾವ ಹಕ್ಕೂ ಇಲ್ಲ.

ಇಷ್ಟು ಸರಳ. ಆದರೆ ಲೆಕ್ಕ ನೋಡಿ: ಯುದ್ಧದ ಆರಂಭದಲ್ಲಿ ಹಕ್ಕಿಲ್ಲದ ರೆನ್ಲಿ ತನ್ನ ಹತ್ರ 80,000 ಜನ ಇದ್ದಾರೆ ಅಂತ ಹೇಳಿಕೊಳ್ತಾನೆ. ಹಕ್ಕಿರುವ ಸ್ಟ್ಯಾನಿಸ್ ಬಳಿ ಇರೋದು ಸುಮಾರು 5,000.

ಕಾಗದ ಕಳಿಸಿ ಕೂತವನು

ಸ್ಟ್ಯಾನಿಸ್ ಏನು ಮಾಡಿದ? ಡ್ರ್ಯಾಗನ್‌ಸ್ಟೋನ್ ದ್ವೀಪದಲ್ಲಿ ಕೂತು ಒಂದು ಪತ್ರ ಬರೆಸಿದ. ಜಾಫ್ರಿ ಯಾರ ಮಗ, ತಾನು ಯಾಕೆ ರಾಜ ಅನ್ನೋದನ್ನ ವಿವರಿಸಿ ರಾಜ್ಯದ ಸಾಮಂತರಿಗೆಲ್ಲ ಕಳಿಸಿದ. ಪತ್ರದಲ್ಲಿ ಇದ್ದಿದ್ದೆಲ್ಲ ಸತ್ಯ. ಆದರೆ ಒಂದೇ ಒಂದು ಸಾಕ್ಷಿ ಇಲ್ಲ. ಸಿಂಹಾಸನದ ಮೇಲೆ ಕಣ್ಣಿಟ್ಟಿರುವವನೇ ಹೇಳುವ ಆರೋಪವನ್ನ ಯಾರು ನಂಬ್ತಾರೆ? ಸರ್ಸಿಯ ಕಡೆಯವರು ತಿರುಗಿಸಿ ಸ್ಟ್ಯಾನಿಸ್ ಮಗಳ ಮೇಲೇ ಗಾಸಿಪ್ ಹಬ್ಬಿಸಿದರು. ಮುಗೀತು. ಸತ್ಯ ಮತ್ತು ಸುಳ್ಳು ಎರಡೂ ಒಂದೇ ಬೆಲೆಗೆ ಮಾರಾಟ ಆದವು. ಸುಳ್ಳುಸುದ್ದಿಯ ಕಾಲದಲ್ಲಿ ಬದುಕ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೇ ಅವನ ಸೇನಾ ತಂತ್ರದ ಮೂಲ ದೋಷ ಇದೆ ಅಂತ ನನ್ನ ವಾದ. ಹಕ್ಕು ತನ್ನಷ್ಟಕ್ಕೆ ತಾನೇ ಸೈನ್ಯವಾಗಿ ಬದಲಾಗುತ್ತೆ ಅಂತ ಅವನು ನಂಬಿದ್ದ. ಸಾಮಂತರು ಬರಬೇಕು, ಯಾಕಂದ್ರೆ ಅದು ಅವರ ಕರ್ತವ್ಯ. ಬರದೇ ಇದ್ದರೆ ಅವರು ದ್ರೋಹಿಗಳು. ಕರೆಯೋದಕ್ಕೆ ಹೋಗೋದು, ಊಟಕ್ಕೆ ಕೂರೋದು, ಅವರಿಗೇನು ಬೇಕು ಅಂತ ಕೇಳೋದು, ಇದ್ಯಾವುದೂ ಅವನ ಪಟ್ಟಿಯಲ್ಲಿ ಇರಲಿಲ್ಲ.

ಇದು ಎಲ್ಲಿಂದ ಬಂತು ಅನ್ನೋದಕ್ಕೂ ಪುಸ್ತಕದಲ್ಲಿ ಉತ್ತರ ಇದೆ. ಅಣ್ಣ ರಾಬರ್ಟ್ ದಂಗೆ ಎದ್ದಾಗ ಯುವಕ ಸ್ಟ್ಯಾನಿಸ್ ಸ್ಟಾರ್ಮ್ಸ್ ಎಂಡ್ ಕೋಟೆಯನ್ನ ಹತ್ತಿರ ಹತ್ತಿರ ಒಂದು ವರ್ಷ ಹಿಡಿದಿಟ್ಟುಕೊಂಡ. ನೆಲದ ಕಡೆ ಟೈರೆಲ್ ಸೈನ್ಯ, ಸಮುದ್ರದ ಕಡೆ ರೆಡ್‌ವೈನ್ ಹಡಗುಗಳು. ಕೋಟೆಯೊಳಗೆ ಕುದುರೆ ಮುಗೀತು, ನಾಯಿ ಮುಗೀತು, ಬೆಕ್ಕು ಮುಗೀತು, ಇಲಿಗೆ ಬಂತು. ಆಗ ಡಾವೋಸ್ ಅನ್ನೋ ಕಳ್ಳಸಾಗಣೆದಾರ ರಾತ್ರಿ ಹಡಗುಗಳ ಕಣ್ತಪ್ಪಿಸಿ ಈರುಳ್ಳಿ ಮತ್ತು ಉಪ್ಪುಮೀನು ತಂದುಕೊಟ್ಟ. ಸ್ಟ್ಯಾನಿಸ್ ಅವನಿಗೆ ನೈಟ್ ಪದವಿ ಕೊಟ್ಟ, ಜೊತೆಗೆ ಹಳೇ ಕಳ್ಳಸಾಗಣೆಯ ಅಪರಾಧಕ್ಕೆ ಎಡಗೈಯ ನಾಲ್ಕು ಬೆರಳಿನ ತುದಿ ಕತ್ತರಿಸಿದ. ಒಳ್ಳೇದಕ್ಕೆ ಬಹುಮಾನ, ತಪ್ಪಿಗೆ ಶಿಕ್ಷೆ, ಒಂದು ಇನ್ನೊಂದನ್ನ ಅಳಿಸೋದಿಲ್ಲ ಅನ್ನೋದು ಅವನ ಲೆಕ್ಕಾಚಾರ. ಇಷ್ಟೆಲ್ಲ ಆದಮೇಲೆ ರಾಬರ್ಟ್ ಆ ಕೋಟೆಯನ್ನ ಕೊಟ್ಟಿದ್ದು ಚಿಕ್ಕ ತಮ್ಮ ರೆನ್ಲಿಗೆ. ಸ್ಟ್ಯಾನಿಸ್‌ಗೆ ಸಿಕ್ಕಿದ್ದು ಬಂಜರು ದ್ವೀಪ ಡ್ರ್ಯಾಗನ್‌ಸ್ಟೋನ್.

ಈ ಹಂಚಿಕೆಯೇ ಮುಂದೆ ಯುದ್ಧದ ಗಣಿತವನ್ನ ನಿರ್ಧರಿಸಿತು. ಬರಾಥಿಯನ್ ಮನೆತನದ ಅಸಲಿ ಸೈನ್ಯ ಇರೋದೇ ಸ್ಟಾರ್ಮ್ಸ್ ಎಂಡ್ ಸುತ್ತಲಿನ ಸಾಮಂತರಲ್ಲಿ. ಅವರೆಲ್ಲ ರೆನ್ಲಿ ಹಿಂದೆ ಹೋದರು.

ರೆನ್ಲಿಯ ಗುಲಾಬಿ ದಾರಿ

ರೆನ್ಲಿಯನ್ನ ಶೋಕಿಲಾಲ ಅಂತ ತಳ್ಳಿಹಾಕೋರು ಜಾಸ್ತಿ. ಸೇನಾ ದೃಷ್ಟಿಯಿಂದ ನೋಡಿದರೆ ಅವನ ಯೋಜನೆ ದಡ್ಡತನದ್ದೇನಲ್ಲ. ಟೈರೆಲ್ ಮನೆತನದ ಮಾರ್ಜರಿಯನ್ನ ಮದುವೆ ಆದ. ಟೈರೆಲ್‌ಗಳ ನಾಡು ವೆಸ್ಟೆರೋಸ್‌ನ ಅನ್ನದ ಬಟ್ಟಲು. ಅಲ್ಲಿಂದ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್‌ಗೆ ಹೋಗುವ ‘ರೋಸ್ ರೋಡ್’ ಮುಚ್ಚಿತು. ದವಸ ನಿಂತಿತು. ರೆನ್ಲಿ ದಾರಿಯುದ್ದಕ್ಕೂ ಔತಣ, ಪಂದ್ಯ ಅಂತ ನಿಧಾನಕ್ಕೆ ಬರ್ತಿದ್ದರೆ, ಅತ್ತ ಲ್ಯಾನಿಸ್ಟರ್ ಮತ್ತು ಸ್ಟಾರ್ಕ್ ಸೈನ್ಯಗಳು ಪರಸ್ಪರ ಬಡಿದಾಡಿ ಸವೆಯುತ್ತಿದ್ದವು, ಇತ್ತ ರಾಜಧಾನಿಯಲ್ಲಿ ಹಸಿದ ಜನ ಬೀದಿಯಲ್ಲೇ ದಂಗೆ ಎದ್ದರು. ಒಂದು ಬಾಣ ಬಿಡದೇ ಶತ್ರುವಿನ ಹೊಟ್ಟೆಗೆ ಹೊಡೆಯೋದು ಅಂದ್ರೆ ಇದೇ.

ಆ ಯೋಜನೆ ಮುರಿದಿದ್ದು ಸ್ಟ್ಯಾನಿಸ್. ಅವನು ಜಾಫ್ರಿ ಮೇಲೆ ಹೋಗಲಿಲ್ಲ, ತಮ್ಮನ ಕೋಟೆ ಸ್ಟಾರ್ಮ್ಸ್ ಎಂಡ್‌ಗೆ ಮುತ್ತಿಗೆ ಹಾಕಿದ. ರೆನ್ಲಿ ಕಾಲಾಳುಗಳನ್ನ ಬಿಟರ್‌ಬ್ರಿಜ್‌ನಲ್ಲೇ ಬಿಟ್ಟು ಸುಮಾರು 20,000 ಅಶ್ವದಳದ ಜೊತೆ ಓಡಿ ಬಂದ. ಅಣ್ಣ ತಮ್ಮ ಮುಖಾಮುಖಿ ಆದರು. ಸ್ಟ್ಯಾನಿಸ್ ಕೊಟ್ಟ ಆಫರ್: ಸ್ಟಾರ್ಮ್ಸ್ ಎಂಡ್ ನಿನಗೇ ಇರಲಿ, ಮಂತ್ರಿಮಂಡಲದಲ್ಲಿ ಜಾಗ, ನನಗೆ ಗಂಡು ಮಗು ಆಗೋವರೆಗೂ ನೀನೇ ವಾರಸುದಾರ. ರೆನ್ಲಿ ಪೀಚ್ ಹಣ್ಣು ತಿಂತಾ ನಕ್ಕುಬಿಟ್ಟ. ಅವನ ವಾದ ಸ್ಪಷ್ಟ: ರಾಬರ್ಟ್‌ಗೆ ಯಾವ ಹಕ್ಕಿತ್ತು? ಯಾರ ಹಿಂದೆ ಜನ ಇದ್ದಾರೋ ಅವರೇ ರಾಜ.

ಮರುದಿನ ಬೆಳಗಾಗೋ ಮೊದಲೇ ರೆನ್ಲಿ ತನ್ನ ಡೇರೆಯಲ್ಲಿ ಸತ್ತು ಬಿದ್ದಿದ್ದ. ಕೆಂಪು ಪೂಜಾರಿಣಿ ಮೆಲಿಸಾಂಡ್ರೆ ಹುಟ್ಟಿಸಿದ ನೆರಳಿನ ಕೆಲಸ ಅದು.

ಇದನ್ನ ಮಾಯೆ-ಮಂತ್ರ ಅಂತ ಓದಿ ಮುಂದೆ ಹೋಗಬೇಡಿ, ಇದರ ರಾಜಕೀಯ ಲೆಕ್ಕ ನೋಡಿ. ಕೊಲೆಯಿಂದ ಸ್ಟ್ಯಾನಿಸ್‌ಗೆ ಸಿಕ್ಕಿದ್ದು ಅಲ್ಲೇ ಇದ್ದ ಅಶ್ವದಳದ ಬಹುಪಾಲು. ಸಿಗದೇ ಹೋಗಿದ್ದು ಬಿಟರ್‌ಬ್ರಿಜ್‌ನ ಬೃಹತ್ ಕಾಲಾಳು ಪಡೆ, ಮತ್ತು ಟೈರೆಲ್‌ಗಳ ದವಸ. ಅವರ ದೂತರನ್ನ ಟೈರೆಲ್ ಕಡೆಯವರು ಹಿಡಿದು ಕೂರಿಸಿದರು. ಅಷ್ಟರಲ್ಲಿ ಲ್ಯಾನಿಸ್ಟರ್‌ಗಳ ಪರವಾಗಿ ಲಿಟಲ್‌ಫಿಂಗರ್ ಅಲ್ಲಿಗೆ ಹೋಗಿ, ವಿಧವೆ ಮಾರ್ಜರಿಗೆ ಜಾಫ್ರಿಯ ಸಂಬಂಧ ಕುದುರಿಸಿಬಿಟ್ಟ. ಸ್ಟ್ಯಾನಿಸ್ ಒಬ್ಬ ಪ್ರತಿಸ್ಪರ್ಧಿಯನ್ನ ತೆಗೆದ, ಆದರೆ ಆ ಪ್ರತಿಸ್ಪರ್ಧಿಯ ಹಿಂದಿದ್ದ ಒಕ್ಕೂಟವನ್ನ ಶತ್ರುವಿನ ಮಡಿಲಿಗೆ ತಳ್ಳಿದ. ನಾಯಕನನ್ನ ಕೊಂದರೆ ಮತದಾರರು ನಮ್ಮ ಕಡೆ ಬರ್ತಾರೆ ಅನ್ನೋ ಲೆಕ್ಕ ಇದು. ಅವರು ಬರೋದಿಲ್ಲ.

ಆಮೇಲಾದರೂ ನೇರ ರಾಜಧಾನಿಗೆ ಹೋದನಾ? ಇಲ್ಲ. ಸ್ಟಾರ್ಮ್ಸ್ ಎಂಡ್ ಕೋಟೆಯ ಮುಖ್ಯಸ್ಥ ಕಾರ್ಟ್ನಿ ಪೆನ್ರೋಸ್ ಶರಣಾಗಲು ಒಪ್ಪಲಿಲ್ಲ ಅಂತ ಸ್ಟ್ಯಾನಿಸ್ ಅಲ್ಲೇ ಕೂತ. ರಾಜಧಾನಿಯಲ್ಲಿ ಟಿರಿಯನ್ ಲ್ಯಾನಿಸ್ಟರ್‌ಗೆ ತಯಾರಿಗೆ ದಿನಗಳು ಸಿಕ್ಕವು. ಇದಕ್ಕೆ ಸ್ಟ್ಯಾನಿಸ್ ಡಾವೋಸ್‌ಗೆ ಕೊಡುವ ಕಾರಣ ಇಡೀ ಪುಸ್ತಕದಲ್ಲಿ ಅವನು ಆಡುವ ಅತ್ಯಂತ ಪ್ರಾಮಾಣಿಕ ಮಾತುಗಳಲ್ಲಿ ಒಂದು. ಜನ ತನ್ನ ಅಣ್ಣತಮ್ಮಂದಿರನ್ನ ಪ್ರೀತಿಯಿಂದ ಹಿಂಬಾಲಿಸಿದರು, ತನ್ನನ್ನ ಹಿಂಬಾಲಿಸೋದು ಹೆದರಿಕೆಯಿಂದ; ಒಂದು ಕಡೆ ಸೋತೆ ಅಂತ ಕಂಡರೆ ಆ ಹೆದರಿಕೆ ಹೋಗುತ್ತೆ, ಹಾಗಾಗಿ ಕೋಟೆ ಬೀಳಲೇಬೇಕು. ಸರಿ, ಇನ್ನೊಂದು ನೆರಳು, ಇನ್ನೊಂದು ಹೆಣ. ಪ್ರೀತಿ ಇರುವ ನಾಯಕ ಒಂದು ಕೋಟೆಯನ್ನ ಹಾಗೇ ಬಿಟ್ಟು ಮುಂದೆ ಹೋಗಬಹುದಿತ್ತು. ಹೆದರಿಕೆ ಮೇಲೆ ನಿಂತವನಿಗೆ ಆ ಆಯ್ಕೆಯೇ ಇರಲಿಲ್ಲ.

ಹಸಿರು ಬೆಂಕಿ

ಬ್ಲ್ಯಾಕ್‌ವಾಟರ್ ಕದನವನ್ನ ಟಿವಿಯಲ್ಲಿ ನೋಡಿದವರಿಗೆ ನೆನಪಿರೋದು ನದಿಯ ಮೇಲಿನ ಹಸಿರು ಸ್ಫೋಟ. ಪುಸ್ತಕದಲ್ಲಿ ಅದು ಒಂದು ಸ್ಫೋಟದ ಕಥೆ ಅಲ್ಲ, ಒಂದರ ಹಿಂದೆ ಒಂದು ಬಂದ ತಪ್ಪು ನಿರ್ಧಾರಗಳ ಕಥೆ.

ಸ್ಟ್ಯಾನಿಸ್ ಸೈನ್ಯ ನದಿಯ ದಕ್ಷಿಣ ದಂಡೆಯಲ್ಲಿ, ನಗರ ಉತ್ತರ ದಂಡೆಯಲ್ಲಿ. ದಾಟೋದಕ್ಕೆ ಹಡಗು ಬೇಕು. ಸುಮಾರು 200 ಹಡಗುಗಳ ನೌಕಾದಳ ಸಮುದ್ರದಿಂದ ನದಿಗೆ ಬರಬೇಕು. ಗಾಳಿ ಕೈಕೊಟ್ಟು ಅದು ತಡವಾಗಿತ್ತು. ನೌಕಾದಳದ ಮುಖ್ಯಸ್ಥ ಇಮ್ರಿ ಫ್ಲಾರೆಂಟ್, ಸ್ಟ್ಯಾನಿಸ್ ಹೆಂಡತಿಯ ತವರಿನವನು, ಮೊದಲು ರೆನ್ಲಿ ಜೊತೆ ಇದ್ದು ಆಮೇಲೆ ಈ ಕಡೆ ಬಂದವನು. ಸಮುದ್ರ ಬಲ್ಲ ಡಾವೋಸ್ ಇದ್ದಿದ್ದು ಎರಡನೇ ಸಾಲಿನ ಒಂದು ಹಡಗಿನಲ್ಲಿ.

ಡಾವೋಸ್ ನೋಡ್ತಾನೆ: ನದಿಯ ಬಾಯಿಯಲ್ಲಿ ಎರಡೂ ದಂಡೆಗೆ ಹೊಸ ಗೋಪುರ ಬಂದಿವೆ. ಅವನ ಪ್ರಕಾರ ಮೊದಲು ಕೆಲವು ವೇಗದ ಹಡಗು ಕಳಿಸಿ ಒಳಗೇನಿದೆ ನೋಡಬೇಕು. ಆದರೆ ಇಮ್ರಿ ಎಲ್ಲಾ ಹಡಗುಗಳನ್ನ ಒಟ್ಟಿಗೇ ನುಗ್ಗಿಸಿದ. ಟಿರಿಯನ್ ಬಿಟ್ಟಿದ್ದ ಹಳೇ ಹಡಗುಗಳಲ್ಲಿ ಒಂದರ ಹೊಟ್ಟೆ ತುಂಬಾ ವೈಲ್ಡ್‌ಫೈರ್. ಅದು ಒಡೆಯಿತು, ನದಿ ಹೊತ್ತಿಕೊಂಡಿತು. ಹಿಂದಕ್ಕೆ ಹೋಗೋಣ ಅಂದರೆ ಆ ಗೋಪುರಗಳ ನಡುವೆ ದೊಡ್ಡ ಸರಪಳಿ ಮೇಲೆದ್ದಿತ್ತು. ಡಾವೋಸ್‌ನ ನಾಲ್ವರು ಗಂಡುಮಕ್ಕಳು ಅವತ್ತು ಸತ್ತರು.

ಅದಕ್ಷ ಸೇನಾಪತಿಯ ಕಥೆ ಅಂತ ಇಲ್ಲಿಗೆ ನಿಲ್ಲಿಸಬಹುದು. ನನಗೆ ಮುಖ್ಯ ಅನಿಸೋದು, ಇಮ್ರಿ ಆ ಜಾಗಕ್ಕೆ ಯಾಕೆ ಬಂದ ಅನ್ನೋದು. ಸ್ಟ್ಯಾನಿಸ್ ಸ್ವತಃ ಒಳ್ಳೇ ನೌಕಾ ಸೇನಾನಿ. ಹಿಂದೆ ಫೇರ್ ಐಲ್ ಬಳಿ ಐರನ್‌ಬಾರ್ನ್ ಹಡಗುಗಳನ್ನ ಬಲೆಗೆ ಕೆಡವಿ ಒಡೆದವನು. ಆದರೆ ಈಗ ಅವನ ಸೈನ್ಯದ ಬಹುಪಾಲು ನಿನ್ನೆ ಮೊನ್ನೆ ಶಿಬಿರ ಬದಲಾಯಿಸಿದವರದು. ಆ ಕುಲೀನರನ್ನ ಹಿಡಿದಿಡೋಕೆ ಕುಲೀನರಿಗೇ ದೊಡ್ಡ ಹುದ್ದೆ ಕೊಡಬೇಕು. ಹುಟ್ಟಿನಿಂದ ಬಡವನಾದ, ಈರುಳ್ಳಿ ಸಾಗಿಸಿದವನ ಕೈಗೆ ನೌಕಾದಳ ಕೊಟ್ಟರೆ ಅವರು ಸುಮ್ಮನಿರ್ತಾರಾ? ಅರ್ಹತೆ ಮುಖ್ಯ ಅಂತ ಬೆರಳು ಕತ್ತರಿಸಿ ತೋರಿಸಿದ ಮನುಷ್ಯನೇ ನಿರ್ಣಾಯಕ ದಿನ ಜಾತಿ-ಕುಲದ ಲೆಕ್ಕಕ್ಕೆ ತಲೆಬಾಗಿದ. ಹಾಗಂತ ಮಾರ್ಟಿನ್ ಎಲ್ಲೂ ಬಾಯಿಬಿಟ್ಟು ಹೇಳೋದಿಲ್ಲ. ಆದರೆ ನೇಮಕಾತಿ ಪಟ್ಟಿ ನೋಡಿದರೆ ಬೇರೆ ಅರ್ಥ ಹುಟ್ಟೋದು ಕಷ್ಟ.

ಇಷ್ಟಾದರೂ ಕದನ ಮುಗಿದಿರಲಿಲ್ಲ. ಒಡೆದ ಹಡಗುಗಳೇ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಸೇತುವೆ ಥರ ಆದವು, ಸ್ಟ್ಯಾನಿಸ್ ಜನ ಅದರ ಮೇಲೇ ದಾಟಿ ನಗರದ ಬಾಗಿಲಿಗೆ ಬಂದರು. ಆಗ ಹಿಂದಿನಿಂದ ಬಂತು ಟೈವಿನ್ ಲ್ಯಾನಿಸ್ಟರ್ ಮತ್ತು ಟೈರೆಲ್‌ಗಳ ಜಂಟಿ ಸೈನ್ಯ. ಸ್ಟ್ಯಾನಿಸ್‌ಗೆ ಸುಳಿವೇ ಇರಲಿಲ್ಲ, ಯಾಕಂದ್ರೆ ಟಿರಿಯನ್ ಕಾಡಿಗೆ ಬಿಟ್ಟಿದ್ದ ಗುಡ್ಡಗಾಡು ಪಡೆ ಅವನ ಬೇಹುಗಾರರನ್ನ ಹುಡುಕಿ ಹುಡುಕಿ ಕೊಲ್ತಿತ್ತು. ಟೈರೆಲ್ ಪಡೆಯ ಮುಂದೆ ರೆನ್ಲಿಯ ಕವಚ ತೊಟ್ಟ ಒಬ್ಬ ಸವಾರ. ಸತ್ತ ರೆನ್ಲಿ ಎದ್ದು ಬಂದ ಅಂತ ಕೂಗು ಎದ್ದಿತು. ನೆರಳಿನ ಕೊಲೆಯಿಂದ ಬಂದಿದ್ದ ಸೈನಿಕರು, ರೆನ್ಲಿಯ ‘ದೆವ್ವ’ ಕಂಡ ಕೂಡಲೇ ಚದುರಿದರು, ಎಷ್ಟೋ ಜನ ಅಲ್ಲೇ ಪಕ್ಷ ಬದಲಾಯಿಸಿದರು. ಹೆದರಿಕೆಗೆ ಬಂದವರು ಇನ್ನೊಂದು ಹೆದರಿಕೆಗೆ ಹೋದರು.

ಸ್ಟ್ಯಾನಿಸ್ ಡ್ರ್ಯಾಗನ್‌ಸ್ಟೋನ್‌ಗೆ ವಾಪಸ್ ಬಂದಾಗ ಉಳಿದಿದ್ದು ಎರಡು ಸಾವಿರಕ್ಕೂ ಕಡಿಮೆ ಜನ.

ಉತ್ತರಕ್ಕೆ

ಸೋತ ಮೇಲೆ ಅವನ ಮುಂದೆ ಎರಡು ದಾರಿ ಇದ್ದವು. ಮೆಲಿಸಾಂಡ್ರೆ ತೋರಿಸಿದ್ದು: ರಾಬರ್ಟನ ಅಕ್ರಮ ಮಗ, ಎಡ್ರಿಕ್ ಸ್ಟಾರ್ಮ್ ಅನ್ನೋ ಹುಡುಗನನ್ನ ಬೆಂಕಿಗೆ ಕೊಟ್ಟರೆ ರಾಜರಕ್ತದ ಬಲದಿಂದ ಕಲ್ಲಿನ ಡ್ರ್ಯಾಗನ್ ಏಳುತ್ತೆ. ಡಾವೋಸ್ ಆ ಹುಡುಗನನ್ನ ರಾಜನಿಗೆ ಹೇಳದೇ ಹಡಗು ಹತ್ತಿಸಿ ಕಳಿಸಿಬಿಟ್ಟ. ಅದು ರಾಜದ್ರೋಹ, ಶಿಕ್ಷೆ ಏನು ಅಂತ ಗೊತ್ತಿದ್ದೇ ಮಾಡಿದ. ಆಮೇಲೆ, ಆಗಷ್ಟೇ ಓದಲು ಕಲಿತಿದ್ದ ಅವನು ರಾಜನ ಮುಂದೆ ಒಂದು ಪತ್ರ ಓದಿದ. ಉತ್ತರದ ಗೋಡೆ ಕಾಯುವ ನೈಟ್ಸ್ ವಾಚ್ ಕಳಿಸಿದ ಸಹಾಯದ ಕೂಗು ಅದು. ಐದು ರಾಜರಿಗೆ ಹೋಗಿದ್ದ ಆ ಕೂಗನ್ನ ಯಾರೂ ಕೇಳಿರಲಿಲ್ಲ. ರಾಜ ಅನಿಸಿಕೊಳ್ಳಬೇಕಾದರೆ ಮೊದಲು ರಾಜ ಮಾಡುವ ಕೆಲಸ ಮಾಡಬೇಕು ಅನ್ನೋದು ಡಾವೋಸ್‌ನ ವಾದದ ತಿರುಳು.

ಸ್ಟ್ಯಾನಿಸ್ ಗೋಡೆಗೆ ಹೋದ. ಅಲ್ಲಿ ಮ್ಯಾನ್ಸ್ ರೇಡರ್‌ನ ಹತ್ತಾರು ಸಾವಿರ ಜನರ ಗುಂಪು. ಅದು ಸೈನ್ಯ ಅನ್ನೋದಕ್ಕಿಂತ ಹೆಂಗಸರು ಮಕ್ಕಳು ಸಮೇತ ವಲಸೆ ಹೊರಟ ಜನಾಂಗ. ಶಿಬಿರಕ್ಕೆ ಸರಿಯಾದ ಕಾವಲಿಲ್ಲ, ಕುದುರೆ ತಡೆಯುವ ಉದ್ದ ಈಟಿಗಳ ಸಾಲಿಲ್ಲ. ಶಿಸ್ತಿನ ಸಣ್ಣ ಅಶ್ವದಳ ಪಕ್ಕದಿಂದ ನುಗ್ಗಿದಾಗ ಎಲ್ಲ ಕುಸಿಯಿತು. ಸಂಖ್ಯೆ ಕಡಿಮೆ ಇದ್ದಾಗ ಎಲ್ಲಿ ಹೊಡೆಯಬೇಕು ಅನ್ನೋದು ಸ್ಟ್ಯಾನಿಸ್‌ಗೆ ಯಾವತ್ತೂ ಗೊತ್ತಿತ್ತು.

ಗೊತ್ತಿರದೇ ಇದ್ದಿದ್ದು ಮುಂದಿನ ಹೆಜ್ಜೆ, ಮತ್ತು ಇಲ್ಲೂ ಅವನು ಮೊದಲು ಮಾಡಿದ್ದು ಹಳೇ ಕೆಲಸವನ್ನೇ. ಉತ್ತರದ ಸಾಮಂತರಿಗೆ ಪತ್ರ! ಹೆಚ್ಚೂಕಡಿಮೆ ಎಲ್ಲರೂ ಕೈಕೊಟ್ಟರು. ಬೇರ್ ಐಲ್ಯಾಂಡ್‌ನ ಹತ್ತು ವರ್ಷದ ಹುಡುಗಿ ಲಿಯಾನಾ ಮಾರ್ಮಾಂಟ್, ನಮ್ಮ ರಾಜ ಅಂದ್ರೆ ಸ್ಟಾರ್ಕ್ ಹೆಸರಿನವನು ಮಾತ್ರ ಅಂತ ವಾಪಸ್ ಬರೆದಳು. ಒಪ್ಪಿ ಬಂದ ಕಾರ್ಸ್ಟಾರ್ಕ್‌ಗಳೋ, ಒಳಗಿಂದ ದ್ರೋಹ ಮಾಡಲು ಬಂದವರು.

ದಾರಿ ತೋರಿಸಿದ್ದು ಜಾನ್ ಸ್ನೋ. ಬೋಲ್ಟನ್‌ಗಳ ಡ್ರೆಡ್‌ಫೋರ್ಟ್ ಕೋಟೆ ಮೇಲೆ ಹೋಗಬೇಡ, ಅದು ಬಲೆ. ಬೆಟ್ಟದ ಕುಲಗಳ ಹತ್ರ ಹೋಗು. ದೂತರನ್ನ ಕಳಿಸಬೇಡ, ನೀನೇ ಹೋಗು. ಅವರ ಊಟ ಮಾಡು, ಅವರ ಹಾಡು ಕೇಳು. ಎಷ್ಟೋ ತಲೆಮಾರಿನಿಂದ ಅವರು ರಾಜನ ಮುಖ ನೋಡಿಲ್ಲ. ಸ್ಟ್ಯಾನಿಸ್ ಹೋದ. ಮೆಲಿಸಾಂಡ್ರೆಯನ್ನ ಗೋಡೆಯಲ್ಲೇ ಬಿಟ್ಟು ಹೋದ. ಮೂರು ಸಾವಿರದ ಆಸುಪಾಸು ಜನ ಅವನ ಜೊತೆ ಬಂದರು. ಐರನ್‌ಬಾರ್ನ್ ಹಿಡಿದಿದ್ದ ಡೀಪ್‌ವುಡ್ ಮಾಟ್ ಕೋಟೆಯನ್ನ ಬಿಡಿಸಿ ಅದರ ಹಳೇ ಒಡೆಯರಾದ ಗ್ಲೋವರ್‌ಗಳಿಗೆ ಕೊಟ್ಟ. ಒಂದು ಇಡೀ ರಾಜ್ಯಕ್ಕೆ ಪತ್ರ ಬರೆದು ಸಿಗದಿದ್ದದ್ದು ಕೆಲವು ರಾತ್ರಿಯ ಊಟದಲ್ಲಿ ಸಿಕ್ಕಿತು.

ಹಾಗಂತ ಆ ಕುಲಗಳೆಲ್ಲ ಸ್ಟ್ಯಾನಿಸ್ ಭಕ್ತರಾದರು ಅಂತಲ್ಲ. ಅವರು ನಡೀತಿರೋದು ‘ನೆಡ್‌ನ ಮಗಳಿಗಾಗಿ’. ಬೋಲ್ಟನ್‌ಗಳ ಸೆರೆಯಲ್ಲಿ ಇರೋದು ನೆಡ್ ಸ್ಟಾರ್ಕ್‌ನ ಮಗಳು ಆರ್ಯಾ ಅಂತ ಅವರು ನಂಬಿದ್ದಾರೆ (ಆ ಹುಡುಗಿ ಆರ್ಯಾ ಅಲ್ಲ, ಅದು ಬೇರೆ ಕಥೆ). ಒಕ್ಕೂಟ ಅಂದರೆ ಇದೇ ಅಲ್ವಾ? ಕಾರಣ ಬೇರೆ ಬೇರೆ ಇದ್ದರೂ ಹಾದಿ ಒಂದೇ ಆಗಿದ್ದರೆ ಸಾಕು. ‘ನಾನು ರಾಜ, ಅದಕ್ಕೇ ಬನ್ನಿ’ ಅಂತಿದ್ದವನು ಈಗ ಬೇರೆಯವರ ಕಾರಣಕ್ಕೆ ತನ್ನ ಬಾವುಟದಡಿ ಜಾಗ ಬಿಟ್ಟುಕೊಟ್ಟಿದ್ದಾನೆ.

ದುಡ್ಡಿನ ವಿಷಯಾನೂ ಇದೆ. ರಾಜಧಾನಿಯಲ್ಲಿ ಸರ್ಸಿ ಬ್ರಾವೋಸ್‌ನ ಐರನ್ ಬ್ಯಾಂಕ್‌ನ ಸಾಲ ತೀರಿಸೋದನ್ನ ನಿಲ್ಲಿಸಿದಳು. ಬ್ಯಾಂಕ್ ಮಾಡಿದ್ದು ಬ್ಯಾಂಕ್ ಮಾಡುವ ಕೆಲಸ: ಸಾಲ ತೀರಿಸ್ತೀನಿ ಅನ್ನೋ ಇನ್ನೊಬ್ಬ ರಾಜನನ್ನ ಹುಡುಕಿಕೊಂಡು ಹಿಮದಲ್ಲಿ ಬಂತು. ಕೊಟ್ಟ ಮಾತಿಗೆ ತಪ್ಪದ ಒರಟ ಅನ್ನೋ ಸ್ಟ್ಯಾನಿಸ್ ಹೆಸರಿಗೆ ಮೊದಲ ಸಲ ಮಾರುಕಟ್ಟೆ ಬೆಲೆ ಬಂದಿದ್ದು ಅಲ್ಲಿ.

ಆದರೆ ಚಳಿಗಾಲ ಯಾರ ಮಾತೂ ಕೇಳೋದಿಲ್ಲ. ವಿಂಟರ್‌ಫೆಲ್ ಕಡೆ ಹೊರಟ ಸೈನ್ಯ ಹಿಮದಲ್ಲಿ ಸಿಕ್ಕಿಕೊಂಡಿತು. ದಕ್ಷಿಣದಿಂದ ಬಂದ ದೊಡ್ಡ ಕುದುರೆಗಳು ಸಾಲುಸಾಲಾಗಿ ಸತ್ತವು, ಬೆಟ್ಟದ ಜನ ಹಿಮಪಾದುಕೆ ಹಾಕಿಕೊಂಡು ಆರಾಮಾಗಿ ನಡೆದರು. ವಿಂಟರ್‌ಫೆಲ್ ಇನ್ನು ಮೂರು ದಿನದ ದಾರಿ ಅನ್ನುವಾಗ ಒಂದು ಪಾಳು ಹಳ್ಳಿಯಲ್ಲಿ, ಹೆಪ್ಪುಗಟ್ಟಿದ ಕೆರೆಗಳ ನಡುವೆ ಎಲ್ಲರೂ ನಿಂತರು. ಹಸಿವು ಎಲ್ಲಿಗೆ ತಂತು ಅಂದರೆ ಹೆಣ ತಿಂದ ಸೈನಿಕರನ್ನ ಸುಟ್ಟು ಕೆಂಪು ದೇವರಿಗೆ ಅರ್ಪಿಸಿದರು. ಈ ಮನುಷ್ಯನನ್ನ ‘ನ್ಯಾಯವಂತ ರಾಜ’ ಅಂತ ಮೆರೆಸುವ ಅಭಿಮಾನಿಗಳು ಈ ಪುಟಗಳನ್ನ ಬೇಗ ಬೇಗ ತಿರುವಿಬಿಡ್ತಾರೆ. ತಿರುವಬಾರದು.

ಐದನೇ ಪುಸ್ತಕ ಅವನನ್ನ ಅಲ್ಲೇ ಬಿಡುತ್ತೆ. ಆರನೇ ಪುಸ್ತಕದಿಂದ ಮಾರ್ಟಿನ್ ಮೊದಲೇ ಹೊರಬಿಟ್ಟ ಒಂದು ಅಧ್ಯಾಯದಲ್ಲಿ ಸ್ಟ್ಯಾನಿಸ್‌ಗೆ ಕಾರ್ಸ್ಟಾರ್ಕ್ ದ್ರೋಹ ಗೊತ್ತಾಗಿದೆ, ಬೋಲ್ಟನ್ ಕಡೆಯ ಫ್ರೇ ಸೈನ್ಯ ಬರ್ತಿದೆ ಅನ್ನೋದೂ ಗೊತ್ತಿದೆ. ಸೈನಿಕರು ಮೀನಿಗಾಗಿ ಕೆರೆಯ ಮಂಜಿನಲ್ಲಿ ತೂತು ಮೇಲೆ ತೂತು ತೋಡಿದ್ದಾರೆ. ಭಾರೀ ಕುದುರೆಗಳ ಸೈನ್ಯವನ್ನ ಅದೇ ಮಂಜಿನ ಮೇಲೆ ಎಳೆದು ತರೋದು ಅವನ ಪ್ಲ್ಯಾನ್ ಅಂತ ಓದುಗರು ವರ್ಷಗಟ್ಟಲೆ ನಕ್ಷೆ ಬಿಡಿಸಿ ವಾದ ಮಾಡಿದ್ದಾರೆ. ನನಗೂ ಅದು ಸರಿ ಅನಿಸುತ್ತೆ. ಬ್ಲ್ಯಾಕ್‌ವಾಟರ್‌ನಲ್ಲಿ ಟಿರಿಯನ್ ತನಗೆ ನೀರಿನ ಮೇಲೆ ಮಾಡಿದ್ದನ್ನ ಇವನು ಇನ್ನೊಬ್ಬರಿಗೆ ಮಂಜಿನ ಮೇಲೆ ಮಾಡೋದು.

ಟಿವಿ ಸರಣಿಯಲ್ಲಿ ಇದ್ಯಾವುದೂ ಇಲ್ಲ. 2015ರ ಐದನೇ ಸೀಸನ್‌ನಲ್ಲಿ ಸ್ಟ್ಯಾನಿಸ್ ಹಿಮ ಕರಗಲಿ ಅಂತ ತನ್ನ ಒಬ್ಬಳೇ ಮಗಳು ಶಿರೀನ್‌ಳನ್ನ ಸುಡೋಕೆ ಒಪ್ತಾನೆ. ಹಿಮ ಕರಗುತ್ತೆ. ಬೆಳಗ್ಗೆ ನೋಡಿದರೆ ಬಾಡಿಗೆ ಸೈನಿಕರು ಕುದುರೆ ಸಮೇತ ಪರಾರಿ, ಅರ್ಧ ಸೈನ್ಯ ಖಾಲಿ. ಉಳಿದವರು ವಿಂಟರ್‌ಫೆಲ್ ಎದುರಿನ ಬಯಲಲ್ಲಿ ಬೋಲ್ಟನ್ ಅಶ್ವದಳದ ಕಾಲಡಿ ಸಿಕ್ಕಿ ಮುಗಿದುಹೋಗ್ತಾರೆ.

ಪುಸ್ತಕದಲ್ಲೂ ಶಿರೀನ್‌ಳ ಗತಿ ಏನಾಗುತ್ತೋ ಇನ್ನೂ ಬರೆದಾಗಿಲ್ಲ. ಸದ್ಯಕ್ಕೆ ಆ ಹಳ್ಳಿಯಲ್ಲಿ, ಹಿಮದ ಮಧ್ಯೆ, ಸ್ಟ್ಯಾನಿಸ್ ತನ್ನ ನೈಟ್ ಜಸ್ಟಿನ್ ಮ್ಯಾಸ್ಸಿಯನ್ನ ಬ್ಯಾಂಕಿನ ದುಡ್ಡಲ್ಲಿ ಬಾಡಿಗೆ ಸೈನಿಕರನ್ನ ತರಲು ಬ್ರಾವೋಸ್‌ಗೆ ಕಳಿಸ್ತಿದ್ದಾನೆ. ನಾನು ಸತ್ತೆ ಅನ್ನೋ ಸುದ್ದಿ ನಿನಗೆ ಬರಬಹುದು, ಅದು ನಿಜಾನೂ ಆಗಿರಬಹುದು, ಆದರೂ ಸೈನ್ಯ ತಗೊಂಡು ಬಾ, ನನ್ನ ಮಗಳನ್ನ ಸಿಂಹಾಸನದ ಮೇಲೆ ಕೂರಿಸು ಅಂತ ಅವನಿಗೆ ಹೇಳಿ ಕಳಿಸಿದ್ದಾನೆ.